ಏಳನೆಯ ಬಿರಡೆ

ಹಳೆಯ ಕಾರುಗಳ ಇಂಜಿನ್ ಬಿಚ್ಚಿ ಕಟ್ಟುವ ಆ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮೊದಲು ಅವಳು ‘ಮೇಸ್ತ್ರಿ ತಂಗಿ’ ಆಗಿದ್ದಳು. ಕೆಲವು ವರ್ಷ ಕಳೆದ ಮೇಲೆ ‘ತೊಳೆಯೋ ಅಕ್ಕ’ ಆದಳು. ಈಗ ಬರೀ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ವಾಚ್‌ಮನ್ ಕೂಡ ಅಕ್ಕ ಎಂದೇ ಕೂಗುತ್ತಾನೆ. ಅವಳು ಸುಮ್ಮನೆ ಓಗೊಡುತ್ತಾಳೆ.

ಅವಳು ಆ ಕೆಲಸಕ್ಕೆ ಸೇರಿದ್ದು ಒಂದು ಊಟದ ಡಬ್ಬಿಯ ದೆಸೆಯಿಂದ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಣ್ಣನ ಮನೆ ಸೇರಿದಳು. ಅಣ್ಣ ಆಗಲೇ ಶೆಡ್ಡಿನಲ್ಲಿ ದೊಡ್ಡ ಮೇಸ್ತ್ರಿ. ಮಧ್ಯಾಹ್ನ ಅವನಿಗೆ ಊಟ ತಂದುಕೊಟ್ಟು, ಅವನು ಉಂಡು ಎದ್ದ ಮೇಲೆ ಡಬ್ಬಿಯನ್ನು ಅಲ್ಲೇ ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು. ಮುಚ್ಚಳದ ಅಂಚಿನ ಸಂದಿಯನ್ನು ಕಡ್ಡಿಯಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾಗದೆ ಮತ್ತೆ ತೊಳೆಯುವುದನ್ನು ಶೆಡ್ಡಿನ ಯಜಮಾನರು ಮೂರು ದಿನ ನೋಡಿದರು. ನಾಲ್ಕನೆಯ ದಿನ ಒಂದು ಕಾರ್ಬುರೇಟರ್ ತಂದು ಅವಳ ಮುಂದಿಟ್ಟು, ಇದನ್ನೂ ಹಾಗೇ ತೊಳಿಯಮ್ಮ ನೋಡೋಣ ಎಂದರು. ಮೂವತ್ತೊಂದು ವರ್ಷವಾಯಿತು, ಅವಳು ಇನ್ನೂ ತೊಳೆಯುತ್ತಲೇ ಇದ್ದಾಳೆ. ಆ ಯಜಮಾನರನ್ನು ಎಲ್ಲರೂ ದೊಡ್ಡೋರು ಎನ್ನುತ್ತಿದ್ದರು, ಅವರ ಮಗನನ್ನು ಚಿಕ್ಕೋರು. ದೊಡ್ಡೋರು ಹೋಗಿ ಹನ್ನೊಂದು ವರ್ಷವಾದರೂ, ಈಗ ಶೆಡ್ಡು ನಡೆಸುವ ಮಗನ ತಲೆ ಅರ್ಧ ನೆರೆತಿದ್ದರೂ, ಅವರು ಇಂದಿಗೂ ಚಿಕ್ಕೋರೇ.

ಅವಳ ಜಾಗ ಶೆಡ್ಡಿನ ಹಿಂಗೋಡೆಯ ಹತ್ತಿರ, ಕಿಟಕಿಯ ಕೆಳಗೆ. ಸೀಮೆಎಣ್ಣೆಯ ತಗಡಿನ ತೊಟ್ಟಿ, ದಪ್ಪ ತೆಳು ಬ್ರಷ್ಷುಗಳ ಕಟ್ಟು, ಗಾಳಿ ಹೊಡೆಯುವ ಪೈಪು, ಹರಿದ ಬಿಳಿ ಬಟ್ಟೆಗಳ ಗಂಟು. ಉಟ್ಟ ಬಟ್ಟೆಯ ಮೇಲೆ ಅಣ್ಣನ ಹಳೆಯ ಅಂಗಿ ತೊಟ್ಟುಕೊಳ್ಳುತ್ತಿದ್ದಳು. ಸೀಮೆಎಣ್ಣೆ ಅವಳ ಕೈಯ ಚರ್ಮವನ್ನು ಎಂದೋ ತಿಂದುಹಾಕಿತ್ತು. ಬೆರಳ ಗೆರೆಗಳಲ್ಲಿ ಕಪ್ಪು ಕೂತುಬಿಟ್ಟಿತ್ತು. ಮಗಳು ಮದುವೆಯಾಗಿ ಹೋದ ಹೊಸತರಲ್ಲಿ ಕೈಗೆ ಹಚ್ಚುವ ಕ್ರೀಮು ಕಳಿಸುತ್ತಿದ್ದಳು. ಅದನ್ನು ಅತ್ತಿಗೆ ಹಚ್ಚಿಕೊಂಡು ಖಾಲಿ ಮಾಡಿದಳು.

ಇಂಜಿನ್ನಿನ ಕಬ್ಬಿಣದ ಮೈಯೊಳಗೆ, ನಮ್ಮ ಮೈಯೊಳಗಿನ ರಕ್ತನಾಳಗಳ ಹಾಗೆ, ಎಣ್ಣೆಯ ದಾರಿಗಳಿರುತ್ತವೆ. ಎರಕ ಹೊಯ್ದ ಮೇಲೆ ಈ ಕೊನೆಯಿಂದ ಆ ಕೊನೆಯವರೆಗೆ ಕೊರೆದು ಆ ದಾರಿ ಮಾಡಿರುತ್ತಾರೆ. ಕೊರೆದ ಮೇಲೆ ಕೊನೆಗಳು ತೆರೆದೇ ಉಳಿಯುತ್ತವಲ್ಲ, ಅವನ್ನು ತಿರುಪಿನ ಮುಚ್ಚಳ ಹಾಕಿ ಮುಚ್ಚಬೇಕು. ಒಂದೇ ಒಂದು ತೆರೆದುಕೊಂಡಿದ್ದರೂ ಪಂಪು ತಳ್ಳಿದ ಎಣ್ಣೆ ಬೇರಿಂಗುಗಳವರೆಗೆ ಹೋಗುವ ಗೋಜಿಗೇ ಹೋಗದೆ ಅಲ್ಲೇ ಸುರಿದು ಕೆಳಗಿನ ಚೇಂಬರಿಗೆ ಬಿದ್ದುಬಿಡುತ್ತದೆ. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ. ಒಳಗೆ ಕಬ್ಬಿಣ ಕಬ್ಬಿಣವನ್ನು ಉಜ್ಜಿ ತಿನ್ನುತ್ತದೆ. ಶೆಡ್ಡಿನಲ್ಲಿ ಪ್ಲಗ್ ಎಂದರೆ ಕಿಡಿ ಹಾರಿಸುವ ಪ್ಲಗ್. ಗೊಂದಲ ಬೇಡವೆಂದು ಎಣ್ಣೆದಾರಿಯದನ್ನು ದೊಡ್ಡೋರ ಕಾಲದಿಂದಲೂ ಬಿರಡೆ ಎನ್ನುತ್ತಾರೆ. ಬಿರಡೆ ಕೂರುವ ತೂತನ್ನು ಬಾಯಿ ಎನ್ನುತ್ತಾರೆ.

ಆ ದಾರಿಗಳನ್ನು ತೊಳೆಯುವುದೇ ಅಕ್ಕನ ದೊಡ್ಡ ಕೆಲಸ. ಮೇಸ್ತ್ರಿ ಬಿರಡೆಗಳನ್ನೆಲ್ಲ ಬಿಚ್ಚಿ ಅವಳ ತಟ್ಟೆಗೆ ಹಾಕುತ್ತಾನೆ. ನಲವತ್ತು ವರ್ಷದ ಎಣ್ಣೆ ಒಳಗೆ ಟಾರಿನಂತೆ ಗಟ್ಟಿಯಾಗಿರುತ್ತದೆ. ಬ್ರಷ್ ತೂರಿಸಿ ಎಳೆದು, ಸೀಮೆಎಣ್ಣೆ ಹೊಯ್ದು, ಗಾಳಿ ಹೊಡೆದು, ಮತ್ತೆ ಬ್ರಷ್ ತೂರಿಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ಅವಳು ಬಿಡುವುದಿಲ್ಲ. ಕೊನೆಗೆ ಒಂದು ಬಾಯಿಗೆ ಟಾರ್ಚ್ ಇಟ್ಟು ಇನ್ನೊಂದು ಬಾಯಿಗೆ ಕಣ್ಣಿಡುತ್ತಾಳೆ. ಆ ಕೊನೆಯಲ್ಲಿ ಒಂದು ಕಾಳಿನಷ್ಟು ಬೆಳಕು ದುಂಡಗೆ ಕಂಡರೆ, ದೇವರೇ, ದಾರಿ ತೋರಿಸಿದೆ, ಸಾಕು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಇಂಜಿನ್ ಮತ್ತೆ ಕಟ್ಟುವಾಗ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಬಿರಡೆಗಳನ್ನೆಲ್ಲ ಹಾಕಿಯಾದ ಮೇಲೆ ಇಂಜಿನ್ನಿನ ಮುಂಭಾಗಕ್ಕೆ ಒಂದು ಪ್ಲೇಟು ಕೂರಿಸಬೇಕು, ಅದರ ಮೇಲೆ ಚೈನು, ಚೈನಿನ ಮೇಲೆ ಕವರು. ಪ್ಲೇಟು ಕೂತಿತೆಂದರೆ ಹಿಂದಿನ ಬಾಯಿಗಳು ಇನ್ನೊಮ್ಮೆ ಇಂಜಿನ್ ಬಿಚ್ಚುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಪ್ಲೇಟು ಕೈಗೆ ತೆಗೆದುಕೊಳ್ಳುವ ಮುಂಚೆ ಮೇಸ್ತ್ರಿ ತಾನು ಒಂದೊಂದನ್ನೂ ಬೆರಳಿಟ್ಟು ನೋಡುತ್ತಾನೆ. ನೋಡಿ, ‘ಬಾಯಿ?’ ಎಂದು ಒಂದೇ ಮಾತು ಕೇಳುತ್ತಾನೆ. ಟಾರ್ಚ್ ಹಿಡಿದವಳು ತಾನೂ ಒಮ್ಮೆ ನೋಡಿ, ‘ಮುಚ್ಚಿದೆ’ ಎನ್ನಬೇಕು. ಹೊಸದಾಗಿ ಕಾರು ತಂದವರು ಇದನ್ನು ಕೇಳಿ, ಅಣ್ಣ ತಂಗಿ ಜಗಳವಾಡುತ್ತಿದ್ದಾರೆ ಎಂದುಕೊಂಡು ನಕ್ಕದ್ದೂ ಉಂಟು.

ಈ ಸಲದ ಇಂಜಿನ್ ಒಬ್ಬ ಹಲ್ಲಿನ ಡಾಕ್ಟರದು. ಅವರ ಅಪ್ಪ ಓಡಿಸುತ್ತಿದ್ದ ಕಾರು ಹದಿನೆಂಟು ವರ್ಷದಿಂದ ಹೊದಿಕೆ ಹೊದ್ದು ನಿಂತಿತ್ತು. ಡಾಕ್ಟರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಅವರೂ ತೂತು ಮುಚ್ಚೋರೇ, ನಾನೂ ತೂತು ಮುಚ್ಚೋನೇ. ಅವರಿಗೆ ಮಾತ್ರ ರೋಗಿ ಬಾಯಿ ತೆಗೆದುಕೊಂಡು ಕೂರುತ್ತಾನೆ, ನನಗೆ ಬಿಚ್ಚಬೇಕು ಎಂದು ಮೇಸ್ತ್ರಿ ನಗಿಸಿದ್ದ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಮೇಸ್ತ್ರಿಗೆ ಅರವತ್ತೇಳು. ಅವನ ಕೈಗುಣವನ್ನು ನಂಬಿ ಹತ್ತೂರು ದಾಟಿ ಕಾರು ತರುವವರಿದ್ದರು. ಆದರೆ ಎರಡು ತಿಂಗಳ ಹಿಂದೆ ಒಂದು ಇಂಜಿನ್ನಿನಲ್ಲಿ ಬೇರಿಂಗಿನ ಮೇಲೆ ಕೂರುವ ಟೋಪಿಯೊಂದನ್ನು ತಿರುಗಾಮುರುಗಾ ಹಾಕಿದ್ದ. ತಿರುಗಿಸಿದಾಗ ಇಂಜಿನ್ನಿನ ಕ್ರ್ಯಾಂಕು ದಂಡ ಹಟ ಹಿಡಿದು ನಿಂತಿತು. ಅಷ್ಟಕ್ಕೇ ಗೊತ್ತಾದ್ದರಿಂದ ಅನಾಹುತ ತಪ್ಪಿತು. ಚಿಕ್ಕೋರು ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಕುರ್ಚಿ ಎಳೆದುಕೊಂಡು ಮೇಸ್ತ್ರಿಯ ಪಕ್ಕ ಕೂತರು. ಇನ್ನೊಂದು ಸಲ ಹೀಗಾದರೆ ಇಂಜಿನ್ನಿಗೆ ಕೈ ಹಾಕುವುದು ಬೇಡ, ಕೂತು ಹೇಳಿಕೊಡಿ, ಅಷ್ಟು ಸಾಕು ಎಂದರು. ಮಾತು ಮೆತ್ತಗೇ ಇತ್ತು. ಅಕ್ಕ ಬ್ರಷ್ಷು ಒಣಹಾಕುತ್ತ ಕೇಳಿಸಿಕೊಂಡಳು. ಅಣ್ಣನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು. ಅದು ಅಲುಗಲಿಲ್ಲ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ, ನನ್ನ ಹೆಗಲ ಮೇಲೆ ಕೂತು ಶೆಡ್ಡು ನೋಡಿದವರು ಇವರು ಎಂದಷ್ಟೇ ಅಂದ. ಇಂಜಿನ್ ಬಿಟ್ಟರೆ ಅಣ್ಣನಿಗೆ ಬೇರೆ ಬದುಕಿಲ್ಲ ಎಂಬುದು ತಂಗಿಗೆ ಗೊತ್ತಿತ್ತು. ಅವನು ಮನೆಯಲ್ಲಿ ಕೂತ ಭಾನುವಾರಗಳನ್ನು ಅವಳೂ ಅತ್ತಿಗೆಯೂ ಹೇಗೋ ತಳ್ಳುತ್ತಿದ್ದರು.

ಅಂದಿನಿಂದ ಮೇಸ್ತ್ರಿ ಒಂದು ಕೆಲಸಕ್ಕೆ ಮೂರು ಸಲ ಕೈ ಹಾಕತೊಡಗಿದ. ಮಂಗಳವಾರ ಮಧ್ಯಾಹ್ನ ಡಾಕ್ಟರ ಇಂಜಿನ್ನಿಗೆ ಬೇರಿಂಗ್ ಕೂರಿಸುತ್ತಿದ್ದ. ಎಣ್ಣೆ ಸವರಿದ, ಟೋಪಿ ಇಟ್ಟು ಬಿಗಿ ಮಾಡಿದ, ಅನುಮಾನ ಬಂದು ಬಿಚ್ಚಿದ, ಒರೆಸಿದ, ಮತ್ತೆ ಎಣ್ಣೆ ಸವರಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮೂರನೆಯ ಸಲ ಬಿಚ್ಚಿದಾಗ ಅಕ್ಕನಿಗೆ ನೋಡಲಾಗಲಿಲ್ಲ.

“ಅಣ್ಣ, ಇವತ್ತಿಗೆ ಸಾಕು. ಸುಸ್ತಾಗಿದ್ದೀಯ. ಮಿಕ್ಕಿದ್ದನ್ನ ಗಡ್ಡದೋರು ಮಾಡ್ಲಿ” ಎಂದಳು.

ಗಡ್ಡದವರು ಶೆಡ್ಡಿನ ಇನ್ನೊಬ್ಬ ಫಿಟ್ಟರ್, ಮೇಸ್ತ್ರಿಯಿಂದಲೇ ಕಲಿತವರು. ಆ ಹೆಸರು ಕಿವಿಗೆ ಬಿದ್ದದ್ದೇ ಮೇಸ್ತ್ರಿ ಉರಿದುಬಿದ್ದ.

“ನೀನು ತೊಳೆಯೋಳು. ತೊಳಿ. ಬಾಯಿ ಮುಚ್ಚು.”

ಮೂವತ್ತೊಂದು ವರ್ಷದಲ್ಲಿ ಅವನು ಎಷ್ಟೋ ಸಲ ರೇಗಿದ್ದುಂಟು. ‘ತೊಳೆಯೋಳು’ ಎಂದು ಮಾತ್ರ ಅಂದಿರಲಿಲ್ಲ. ಅವಳು ಟಾರ್ಚನ್ನು ಬೆಂಚಿನ ಮೇಲಿಟ್ಟು ತನ್ನ ತೊಟ್ಟಿಯ ಹತ್ತಿರ ಹೋಗಿ, ಅವನಿಗೆ ಬೆನ್ನು ಹಾಕಿ ಕೂತು ಚೈನು ಉಜ್ಜತೊಡಗಿದಳು.

ಆ ಇಂಜಿನ್ನಿಗೆ ಬಿರಡೆ ಏಳು. ಆರು ಅವಳ ತಟ್ಟೆಯಲ್ಲಿದ್ದವು. ಏಳನೆಯದು, ಮುಂಭಾಗದ್ದು, ಬಿಚ್ಚುವಾಗಲೇ ತಲೆ ಸವೆದು ಹಾಳಾಗಿತ್ತು. ಹೊಸದನ್ನು ಲೇತಿನವನ ಹತ್ತಿರ ಮಾಡಿಸಿದ್ದರು. ಅದನ್ನು ಆ ಮಧ್ಯಾಹ್ನವೇ ಅಕ್ಕ ಹೋಗಿ ತಂದಿದ್ದಳು. ಕಾಗದದಲ್ಲಿ ಸುತ್ತಿದ ಆ ಬಿರಡೆ ಅವಳ ಅಂಗಿಯ ಜೇಬಿನಲ್ಲಿತ್ತು. ಕೊಡಬೇಕೆನ್ನುವಷ್ಟರಲ್ಲಿ ಈ ಮಾತು ಬಂದಿತ್ತು.

ಮೇಸ್ತ್ರಿ ತಟ್ಟೆಯಲ್ಲಿದ್ದ ಆರನ್ನೂ ಒಂದೊಂದಾಗಿ ಹಾಕಿದ. ಮಧ್ಯೆ ಡಾಕ್ಟರ ಫೋನು ಬಂತು. ಹತ್ತು ನಿಮಿಷ ಅವರಿಗೆ ಸಮಾಧಾನ ಹೇಳಿ ಬಂದ. ತಟ್ಟೆ ಖಾಲಿಯಾಗಿತ್ತು. ಇಂಜಿನ್ನಿನ ಮುಂದೆ ಬಗ್ಗಿ ಸ್ವಲ್ಪ ಹೊತ್ತು ಇದ್ದ. ಆಮೇಲೆ ಕೇಳಿದ.

“ಬಾಯಿ?”

ಅಕ್ಕ ಅಷ್ಟು ಹೊತ್ತೂ ಚೈನಿನ ಜೊತೆ ಗೊಣಗುತ್ತ ಕೂತಿದ್ದಳು. ತನ್ನ ಗೊಣಗು ಕೇಳಿಸಿ ಮತ್ತೆ ಗದರುತ್ತಿದ್ದಾನೆ ಎಂದುಕೊಂಡಳು. ತಿರುಗಿಯೂ ನೋಡದೆ ಸಿಟ್ಟಿನಲ್ಲಿ ಉತ್ತರ ಕೊಟ್ಟಳು.

“ಮುಚ್ಚಿದೆ.”

ಹಿಂದೆ ಪ್ಲೇಟು ಕೂತ ಸದ್ದಾಯಿತು. ಇಬ್ಬರೂ ಅವತ್ತು ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಹೋದರು.

ಗುರುವಾರದ ಹೊತ್ತಿಗೆ ಚೈನು, ಕವರು, ಚೇಂಬರು ಎಲ್ಲ ಕೂತು ಇಂಜಿನ್ ಪೂರ್ತಿಯಾಗಿತ್ತು. ಶುಕ್ರವಾರ ಹನ್ನೊಂದಕ್ಕೆ ಡಾಕ್ಟರು ಬರುವುದೆಂದು ಆಗಿತ್ತು. ಮೊದಲ ಸಲ ಚಾಲೂ ಮಾಡುವ ಮುಂಚೆ ಡ್ರಿಲ್ಲಿನಿಂದ ಪಂಪನ್ನು ತಿರುಗಿಸಿ, ಎಣ್ಣೆ ಎಲ್ಲ ದಾರಿ ತುಂಬಿ ಗೇಜಿನ ಮುಳ್ಳು ಮೇಲೇಳುವುದನ್ನು ನೋಡಬೇಕು. ಅದು ಮೇಸ್ತ್ರಿಯ ಪದ್ಧತಿ. ಚಿಕ್ಕೋರು ಅದನ್ನು ನೋಡಲು ತಾವೇ ನಿಲ್ಲುವುದಾಗಿ ಹೇಳಿದ್ದರು.

ಗುರುವಾರ ಸಂಜೆ ಮನೆಗೆ ಬಂದು ಅಕ್ಕ ವಾರದ ಅಂಗಿಗಳನ್ನು ಬಕೆಟ್ಟಿಗೆ ಹಾಕಿದಳು. ಮಂಗಳವಾರದ ಅಂಗಿ ಹಿಂಡುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಕಾಗದ ನೆನೆದು ಮುದ್ದೆಯಾಗಿತ್ತು. ಬಿರಡೆ ಹೊಳೆಯುತ್ತಿತ್ತು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ‘ಬಾಯಿ?’ ಎಂದದ್ದೂ ತಾನು ಅಂದದ್ದೂ ಒಂದರ ಹಿಂದೊಂದು ನೆನಪಿಗೆ ಬಂದವು.

ಎಷ್ಟು ಹೊತ್ತಾದರೂ ಬಟ್ಟೆಯ ಸದ್ದಿಲ್ಲವೆಂದು ಅತ್ತಿಗೆ ಬಂದು ನೋಡಿದಳು. ಅಕ್ಕ ಎಲ್ಲವನ್ನೂ ಹೇಳಿದಳು. ಅತ್ತಿಗೆಗೆ ಇಂಜಿನ್ನಿನ ಗಂಧಗಾಳಿ ಇಲ್ಲ, ಆದರೆ ಗಂಡನ ವಿಷಯ ಎಂದರೆ ಬೇಗ ಹತ್ತುತ್ತದೆ. ನಾಳೆ ಮುಳ್ಳು ಏಳದಿದ್ದರೆ ಏನಾಗುತ್ತೆ ಎಂದು ಮಾತ್ರ ಕೇಳಿದಳು. ಚಿಕ್ಕೋರ ಮುಂದೆ ಅಣ್ಣನ ಕೈ ಹೋಯಿತು ಅಂತ ಲೆಕ್ಕ ಎಂದಳು ಅಕ್ಕ. ಅತ್ತಿಗೆ ಒಂದು ಗಳಿಗೆ ಯೋಚಿಸಿ ದನಿ ತಗ್ಗಿಸಿದಳು.

“ನೀನೇ ಮರೆತೆ ಅಂತ ಹೇಳಿಬಿಡು. ತೊಳೆಯೋಕೆ ನಿನ್ನಂಥೋರು ಅವರಿಗೆ ಇನ್ನೆಲ್ಲಿ ಸಿಗ್ತಾರೆ? ನಿನ್ನನ್ನ ಯಾರೂ ಬಿಡಿಸಲ್ಲ.”

ಅಕ್ಕ ತಲೆಯಾಡಿಸಿದಳು. ಅವಳ ಮನಸ್ಸಿನಲ್ಲೂ ಇದ್ದದ್ದು ಅದೇ. ಆದರೂ ಆ ಹೊತ್ತಿನಲ್ಲಿ ಅವಳನ್ನು ಹಿಡಿದದ್ದು ಭಯಕ್ಕಿಂತ ಹೆಚ್ಚಾಗಿ ಆಯಾಸ. ಮತ್ತೆ ಮುಂದಿನ ಬೆಲ್ಟಿನ ಪುಲ್ಲಿ ಬಿಚ್ಚಬೇಕು, ಕವರು ಬಿಚ್ಚಬೇಕು, ಚೈನು ಇಳಿಸಬೇಕು, ಕವರಿನಡಿ ಅಂಟಿಸಿದ ಗ್ಯಾಸ್ಕೆಟ್ ಕಾಗದ ಕೆರೆದು ತೆಗೆಯಬೇಕು, ಒಂದೊಂದನ್ನೂ ಮತ್ತೆ ತೊಳೆಯಬೇಕು. ಮೊಣಕಾಲು ನೆನೆಸಿಕೊಂಡೇ ನೋಯತೊಡಗಿತು. ಈ ಬಿರಡೆಯನ್ನು ಮೋರಿಗೆ ಎಸೆದು ಮಲಗಿಬಿಟ್ಟರೆ ಹೇಗೆ ಎಂಬ ಯೋಚನೆಯೂ ಬಂದು ಹೋಯಿತು. ಆಗ ಮರೆತವನು ಅವನೊಬ್ಬನೇ ಆಗುತ್ತಾನೆ. ಅವಳು ಬಿರಡೆಯನ್ನು ಒರೆಸಿ ತಲೆದಿಂಬಿನ ಪಕ್ಕದಲ್ಲಿಟ್ಟಳು. ಹೇಳುವ ಧೈರ್ಯ ಕೊಡು ಎಂದು ಕೇಳಿಕೊಂಡಳು. ಹೆಚ್ಚು ಕೇಳಿಕೊಳ್ಳಲು ನಿದ್ದೆ ಬಿಡಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಮೊದಲು ಬಂದವರು ಅವರಿಬ್ಬರೇ. ಮೇಸ್ತ್ರಿ ಡ್ರಿಲ್ಲಿನ ವೈರು ಬಿಡಿಸುತ್ತಿದ್ದ. ಅವಳು ಹೋಗಿ ಬಿರಡೆಯನ್ನು ಅವನ ಮುಂದೆ ಬೆಂಚಿನ ಮೇಲಿಟ್ಟಳು.

“ಅಣ್ಣ, ಇದು ನನ್ನ ಜೇಬಲ್ಲೇ ಉಳೀತು.”

ಅವನು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. “ಯಾವುದು ಇದು?”

“ಮುಂದಿನದು.”

“ಮುಚ್ಚಿದೆ ಅಂದೆಯಲ್ಲ.”

“ನಾನು ನನ್ನ ಬಾಯಿ ಮುಚ್ಚಿದೆ ಅಂದೆ.”

ಮೇಸ್ತ್ರಿಯ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಕೆಮ್ಮೋ ಅವಳಿಗೆ ತಿಳಿಯಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಇಂಜಿನ್ನನ್ನು ನೋಡಿದ, ಬಾಗಿಲನ್ನು ನೋಡಿದ, ಮತ್ತೆ ಇಂಜಿನ್ನನ್ನು ನೋಡಿದ. ಅವಳು ತಾನು ಚಿಕ್ಕೋರಿಗೆ ಏನು ಹೇಳಬೇಕೆಂದಿದ್ದೇನೆ ಎಂಬುದನ್ನು ಹೇಳಿದಳು. ತಪ್ಪು ತನ್ನದು, ಪೂರಾ ತನ್ನದು, ಅವನು ನಡುವೆ ಬಾಯಿ ಹಾಕಬಾರದು. ಅವನು ಬಿಚ್ಚೋಣ ಎಂದು ಎದ್ದ.

ಚಿಕ್ಕೋರು ಅವತ್ತು ಬೇಗ ಬಂದರು. ಅವರು ಬರುವ ಹೊತ್ತಿಗೆ ಪುಲ್ಲಿ ನೆಲದ ಮೇಲಿತ್ತು, ಕವರಿನ ಬೋಲ್ಟುಗಳು ಒಂದೊಂದಾಗಿ ಬರುತ್ತಿದ್ದವು. ಅವರು ಏನೂ ಕೇಳುವ ಮುಂಚೆಯೇ ಅಕ್ಕ ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಬಿರಡೆ ತನ್ನ ಜೇಬಿನಲ್ಲಿತ್ತು, ತಾನು ಕೊಡಲಿಲ್ಲ, ನೋಡದೆಯೇ ‘ಮುಚ್ಚಿದೆ’ ಎಂದೆ, ಅಣ್ಣ ತನ್ನ ಮಾತು ನಂಬಿದ, ಅಷ್ಟೇ. ಚಿಕ್ಕೋರು ಅವಳ ಮುಖ ನೋಡಿದರು. ಆಮೇಲೆ ಮೇಸ್ತ್ರಿಯ ಮುಖ ನೋಡಿದರು.

“ಅವಳು ಹೇಳಿದ್ದೆಲ್ಲ ನಿಜ,” ಎಂದ ಮೇಸ್ತ್ರಿ. “ನಾನು ಕೇಳಿದ್ದೇ ಸುಳ್ಳು.”

ಅಕ್ಕ ಕಣ್ಣಿನಲ್ಲೇ ಬೇಡ ಎಂದಳು. ಅವನು ಅವಳ ಕಡೆ ನೋಡಲೇ ಇಲ್ಲ. ಬೋಲ್ಟು ಬಿಚ್ಚುತ್ತಿದ್ದ ಪಾನಾವನ್ನು ಬಟ್ಟೆಯಿಂದ ಒರೆಸುತ್ತ, ಅದನ್ನೇ ನೋಡುತ್ತ ಮಾತಾಡಿದ.

“ಬಾಯಿ ಅಂತ ಕೇಳೋದು ನಾನು ಬೆರಳಿಟ್ಟು ನೋಡಿದ ಮೇಲೆ. ನಿಮ್ಮ ತಂದೆ ಹಾಗೇ ಕಲಿಸಿದ್ದು. ಅವತ್ತೂ ಬೆರಳಿಟ್ಟೆ. ಟಾರ್ಚಿಲ್ಲದೆ ಕಣ್ಣಿಗೆ ಕಾಣಲಿಲ್ಲ, ತೂತೋ ಕಬ್ಬಿಣವೋ ಗೊತ್ತಾಗಲಿಲ್ಲ. ಅದಕ್ಕೆ ಕೇಳಿದೆ.”

“ಗೊತ್ತಾಗಲಿಲ್ಲ ಅಂದ್ರೆ?”

“ಬೆರಳಿಗೆ ಗೊತ್ತಾಗಲ್ಲ. ಸಕ್ಕರೆ ಕಾಯಿಲೆ. ಮರಗಟ್ಟಿ ಒಂದೂವರೆ ವರ್ಷ ಆಯ್ತು. ಮೊದಲು ಎರಡು ಬೆರಳು, ಈಗ ಎಲ್ಲಾ.”

ಅಕ್ಕ ನಿಂತಲ್ಲೇ ನಿಂತಿದ್ದಳು. ಒಂದೂವರೆ ವರ್ಷ. ಈ ಒಂದೂವರೆ ವರ್ಷದಲ್ಲಿ ಅವನು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಅವಳಿಗೆ ನೆನಪಾದವು. ಎಣ್ಣೆ ಎಲ್ಲಾ ಕಡೆ ಹತ್ತಿದೆಯಾ ನೋಡು. ಥ್ರೆಡ್ ಹಿಡಿಯಿತಾ ನೋಡು. ಇಲ್ಲಿ ಮರಳಿನ ಕಾಳು ಏನಾದರೂ ತಗಲುತ್ತದಾ ನೋಡು. ವಯಸ್ಸಾದಂತೆ ಕಿರಿಕಿರಿ ಹೆಚ್ಚುತ್ತಿದೆ, ತನ್ನನ್ನು ಆಳಿನಂತೆ ಕುಣಿಸುತ್ತಿದ್ದಾನೆ ಎಂದುಕೊಂಡಿದ್ದಳು. ಎಷ್ಟೋ ಸಲ ಅರೆಮನಸ್ಸಿನಿಂದ ಹೂಂ ಎಂದಿದ್ದಳು. ಹಾಗೆ ಹೂಂ ಎಂದ ಇಂಜಿನ್ನುಗಳು ಈಗ ಯಾವ ಯಾವ ರಸ್ತೆಯಲ್ಲಿ ಓಡುತ್ತಿವೆಯೋ. ಅವು ಇಂದಿನವರೆಗೂ ಸರಿಯಾಗಿ ಓಡುತ್ತಿರುವುದು ತನ್ನ ಜಾಣತನದಿಂದಲ್ಲ, ಮೇಲಿರುವವನ ಕರುಣೆ ಎಂದು ಅವಳಿಗೆ ಅನಿಸಿತು.

ಚಿಕ್ಕೋರು ಹೊರಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದರು. ಸೋಮವಾರ ಬನ್ನಿ, ಅವಸರ ಬೇಡ ಎನ್ನುವುದು ಒಳಗೆ ಕೇಳಿಸಿತು. ಒಳಗೆ ಬಂದವರು ಸ್ವಲ್ಪ ಹೊತ್ತು ಇಂಜಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರಿಗೂ ಸುಸ್ತಾದಂತಿತ್ತು.

“ಮೇಸ್ತ್ರಿಗಳೇ, ನಾನು ಅವತ್ತು ಹೇಳಿದ್ದು ನೆನಪಿದೆಯಾ?”

“ಇದೆ.”

“ಮತ್ತೆ ನನ್ನ ಬಾಯಲ್ಲಿ ಹೇಳಿಸಬೇಡಿ.”

ಮೇಸ್ತ್ರಿ ತಲೆಯಾಡಿಸಿದ. ಐವತ್ತು ವರ್ಷದ ಕೆಲಸ ಅಷ್ಟರಲ್ಲಿ ಮುಗಿಯಿತು. ಅವನು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಭಾರದ ಮೂಟೆಯನ್ನು ಬಹಳ ದೂರ ಹೊತ್ತು ಬಂದು ಇಳಿಸಿದವನಂತೆ ಎರಡೂ ತೋಳನ್ನು ಸುಮ್ಮನೆ ಕೆಳಗೆ ಬಿಟ್ಟ. ಈ ಇಂಜಿನ್ನನ್ನು ಗಡ್ಡದವರಿಗೆ ಒಪ್ಪಿಸಲಾ ಎಂದು ಚಿಕ್ಕೋರು ಕೇಳಿದರು. ಉಳಿದದ್ದನ್ನು ಒಪ್ಪಿಸಿ, ಬಿರಡೆಯನ್ನು ಮಾತ್ರ ಇವಳು ಹಾಕಲಿ ಎಂದ ಮೇಸ್ತ್ರಿ.

ಅಕ್ಕ ಹಿಂದೆ ಸರಿದಳು. “ನಾನು ತೊಳೆಯೋಳಣ್ಣ.”

ಅವಳು ಚುಚ್ಚಬೇಕೆಂದು ಅಂದದ್ದಲ್ಲ, ಇದ್ದದ್ದನ್ನು ಇದ್ದಂತೆ ಅಂದದ್ದು. ಅವನಿಗೆ ಮಾತ್ರ ಅದು ಎಲ್ಲಿಗೆ ತಾಕಬೇಕೋ ಅಲ್ಲಿಗೆ ತಾಕಿತು.

“ಅವತ್ತು ಅಂದಿದ್ದು ತಪ್ಪಾಯ್ತು,” ಎಂದ, ಎಲ್ಲರಿಗೂ ಕೇಳುವಂತೆ. “ಆ ಬಾಯಿಗೆ ಎಷ್ಟು ಸುತ್ತು ಅಂತ ತೊಳೆದೋಳಿಗೆ ಗೊತ್ತಿರೋಷ್ಟು ಹಾಕಿದೋನಿಗೆ ಗೊತ್ತಿರಲ್ಲ. ಬಾ.”

ಗಡ್ಡದವರು ಬಂದು ಕವರು, ಚೈನು, ಪ್ಲೇಟು ಇಳಿಸಿಕೊಟ್ಟರು. ಬಾಯಿ ತೆರೆದೇ ಇತ್ತು, ಚಿಕ್ಕ ಬೆರಳು ಹೋಗುವಷ್ಟು ಕಪ್ಪಗೆ, ದುಂಡಗೆ. ಅಕ್ಕ ಅದನ್ನು ಮತ್ತೆ ಒರೆಸಿದಳು. ಬ್ರಷ್ ತೂರಿಸಿದಳು, ಗಾಳಿ ಹೊಡೆದಳು, ಬಟ್ಟೆ ನೋಡಿದಳು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ. ಅಂಟು ಹಚ್ಚು, ಆದರೆ ಥ್ರೆಡ್ಡಿನ ಮೊದಲ ಸುತ್ತಿನಲ್ಲಿ ಬೇಡ. ಅಲ್ಲಿ ಹಚ್ಚಿದರೆ ತಿರುಗಿಸುವಾಗ ಒಳಗೆ ತಳ್ಳಿಕೊಂಡು ಹೋಗಿ ಎಣ್ಣೆದಾರಿಗೆ ಸಿಕ್ಕಿಕೊಳ್ಳುತ್ತದೆ. ಪಾನಾ ಮುಟ್ಟಬೇಡ, ಮೊದಲು ಕೈಯಲ್ಲೇ ತಿರುಗಿಸು. ಎರಡು ಸುತ್ತು ಹಗುರವಾಗಿ ಹೋಗಬೇಕು. ಅಡ್ಡ ಹಿಡಿಯಿತು ಅನಿಸಿದರೆ ಬಲ ಹಾಕಬೇಡ, ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿ.

ಮೊದಲ ಸಲ ಅಡ್ಡ ಹಿಡಿಯಿತು. ಹಿಂದಕ್ಕೆ ತಿರುಗಿಸಿದಳು, ಮತ್ತೆ ಇಟ್ಟಳು. ಈ ಸಲ ಥ್ರೆಡ್ ಹಿಡಿದದ್ದು ಬೆರಳ ತುದಿಗೆ ತಿಳಿಯಿತು, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಾಗ ತಿಳಿಯುವ ಹಾಗೆ. ಬಿಗಿ ಬಂದ ಮೇಲೆ ಪಾನಾ ಹಾಕಿದಳು. ಇನ್ನೊಂದು ಕಾಲು ಸುತ್ತು ಎಂದ ಮೇಸ್ತ್ರಿ. ಹಾಕಿದಳು. ಸಾಕು ಎಂದ. ತಾನೇ ಟಾರ್ಚ್ ಹಿಡಿದು ಏಳನ್ನೂ ಒಂದೊಂದಾಗಿ ನೋಡಿದಳು. ಗಡ್ಡದವರನ್ನು ಕರೆದು ಅವರೂ ನೋಡಲಿ ಎಂದಳು. ಗಡ್ಡದವರು ನೋಡಿ, ಅಕ್ಕ, ಇನ್ನು ಮೇಲೆ ನಮ್ಮ ಅಂಗಿ ಜೇಬನ್ನೂ ನೀವೇ ನೋಡಿಬಿಡಿ ಎಂದರು. ಯಾರೂ ಜೋರಾಗಿ ನಗಲಿಲ್ಲ. ಮೇಸ್ತ್ರಿ ಸ್ವಲ್ಪ ನಕ್ಕ.

ಚೈನಿನ ಗುರುತುಗಳನ್ನು ಎದುರುಬದುರು ಹಿಡಿದು ಕೂರಿಸಿ, ಹೊಸ ಗ್ಯಾಸ್ಕೆಟ್ ಕತ್ತರಿಸಿ, ಕವರು ಮುಚ್ಚಿ, ಎಲ್ಲವೂ ಮುಗಿಯುವಾಗ ಶನಿವಾರ ಮಧ್ಯಾಹ್ನ ಮೂರಾಗಿತ್ತು. ಡ್ರಿಲ್ಲನ್ನು ಗಡ್ಡದವರು ಹಿಡಿದರು. ಗೇಜಿನ ಮುಳ್ಳು ಬಹಳ ಹೊತ್ತು ಬಿದ್ದೇ ಇತ್ತು. ಚಿಕ್ಕೋರು ಎದೆಯ ಮೇಲೆ ಕೈಕಟ್ಟಿಕೊಂಡು ನಿಂತಿದ್ದರು. ಅಕ್ಕ ನೋಡಲಾರದೆ ಕಣ್ಣು ಮುಚ್ಚಿದಳು. ಡ್ರಿಲ್ಲಿನ ದನಿ ಇದ್ದಕ್ಕಿದ್ದಂತೆ ದಪ್ಪಗಾಯಿತು. ಎಣ್ಣೆ ಹಿಡೀತು ಎಂದ ಮೇಸ್ತ್ರಿ, ಮುಳ್ಳನ್ನು ಯಾರೂ ನೋಡುವ ಮುಂಚೆ. ಅವಳು ಕಣ್ಣು ಬಿಟ್ಟಾಗ ಮುಳ್ಳು ನಡುವನ್ನು ದಾಟಿತ್ತು. ಮೇಲೆ ಕವಾಟಗಳ ಸಾಲಿನಲ್ಲಿ ಎಣ್ಣೆ ಮೊದಲು ಒಂದು ಕಡೆ, ಆಮೇಲೆ ಅದರ ಪಕ್ಕ, ಹಾಗೆ ಕೊನೆಯವರೆಗೂ ಒಂದೊಂದಾಗಿ ಒಸರಿಕೊಂಡು ಬಂತು. ಬಂತಲ್ಲ ಎಂದರು ಚಿಕ್ಕೋರು. ಅಷ್ಟೇ ಮಾತು. ಅಕ್ಕ ಡ್ರಿಲ್ಲು ಒರೆಸಿ ಒಳಗಿಟ್ಟಳು. ಸೋಮವಾರದಿಂದ ಮೇಸ್ತ್ರಿ ಒಂಬತ್ತರ ಬದಲು ಹನ್ನೊಂದಕ್ಕೆ ಬಂದರೆ ಸಾಕು ಎಂದು ಚಿಕ್ಕ ದನಿಯಲ್ಲಿ ಹೇಳಿ ಚಿಕ್ಕೋರು ಹೊರಟರು.

ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಏನಾಯಿತೆಂದು ನಾದಿನಿಯ ಮುಖದಲ್ಲಿ ಹುಡುಕಿದಳು. ಅಕ್ಕ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತಳು. ಅತ್ತಿಗೆ ಹೆಚ್ಚು ಕೇಳದೆ ಬಚ್ಚಲಿಗೆ ಬಿಸಿನೀರು ಹಾಕಿ, ಸ್ನಾನ ಮಾಡಿ ಬನ್ನಿ ಎಂದು ಗಂಡನಿಗೆ ಟವಲು ಕೊಟ್ಟಳು.

ಮೇಸ್ತ್ರಿ ಬಚ್ಚಲಿಗೆ ಹೋದ. ನೀರಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಟವಲು ಹೆಗಲ ಮೇಲೆ ಹಾಕಿಕೊಂಡು ನಿಂತು ಹೆಂಡತಿಯನ್ನು ಕರೆದ.

“ನೀರು ಎಷ್ಟು ಬಿಸಿ ಇದೆ, ಸ್ವಲ್ಪ ಕೈಯಿಟ್ಟು ನೋಡು.”

ಇಷ್ಟು ವರ್ಷ ನೋಡಿ ಕೊಟ್ಟಿದ್ದೆನಾ, ಇವತ್ತೇನು ಹೊಸದು ಎಂದು ಅತ್ತಿಗೆ ಶುರುಮಾಡಿದಳು. ನಡುವಿನಲ್ಲೇ ಅಕ್ಕನ ಮುಖ ನೋಡಿ ನಿಲ್ಲಿಸಿದಳು. ಗಂಡನ ಕೈಯನ್ನು ಹಿಡಿದುಕೊಂಡು, ಮಗುಚಿ, ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಎರಡು ಬೆರಳ ತುದಿಯಲ್ಲಿ ಸುಟ್ಟು ಮಾಗಿದ ಕಲೆಗಳಿದ್ದವು. ಬಚ್ಚಲೊಳಗೆ ಹೋಗಿ ಬಕೆಟ್ಟಿಗೆ ಕೈಯಿಟ್ಟು, ಎರಡು ಚೊಂಬು ತಣ್ಣೀರು ಸುರಿದು ಕದಡಿ, ಮತ್ತೆ ಕೈಯಿಟ್ಟು ನೋಡಿ, “ಈಗ ಹಾಕ್ಕೊಳ್ಳಿ” ಎಂದಳು.